ಉಸಿರು ಬಿಡೂ ಬಾಯಿ

ಹೆರಿಗಿ ಆಸ್ಪತ್ರಿ ಮಾಳಗಿ ಮ್ಯಾಲ
ಐನೂರು ಲೀಟರಿನ ಟಾಕಿ ಕುಂದರಿಸಿ
ಪಾನಾ ಒರಸ್ಕೋತ ನಿಂತಿದ್ದೆ.
ಡಾಕ್ಟರ ಮಾವ ಮಲ್ಲಣ್ಣ ಹಂಚಿನಾಳ ಏದುಸಿರು ಬಿಡಕೋತ ಹತ್ತಿ ಬಂದ,
ಬಿಲ್ಲು ನೋಡೂ ಮನಿಷ್ಯಾ.
"ಅಲ್ಲೊಂದು ಹಿತ್ತಾಳಿ ಮೂಗು ತೊಟ್ಟಿಕ್ಕತೈತಿ.
ಹೊಸಾ ಸಾಮಾನು ಅಂತಿ, ಹುಟ್ಟಿದ ದಿನಾನ ನೆಗಡಿ?
ಒಂದು ಡಮ್ಮಿ ಹೊಡದು ಬಂದ್ ಮಾಡು."

ಹೆಂಗ ಹೇಳೂದು ಇವರಿಗಿ.
ನೀರು ಕಾದರ ಹಿಗ್ಗತೈತಿ, ಹಿಗ್ಗಿದ್ದಕ್ಕ ಜಾಗಾ ಬೇಕು.
ಅದಕ್ಕಂತನ ಎಸ್ಟಿಮೇಟಿನಾಗ ಇನ್ನೊಂದು ಸಣ್ಣ ಟಾಕಿ ಬರದಿದ್ದೆ,
ಇವರ ಅದಕ್ಕ ಕೆಂಪು ಗೀಟ ಹೊಡದಿದ್ರು.
ಮನಿಷ್ಯಾಗ ಆದ್ರ ಕಟ್ಟಿ ಮ್ಯಾಲ ಕುಂತು
ಯಾರನ್ನರ ಬೈದು ಹಗುರ ಆಗಾಕ ಬರತೈತಿ.
ಟಾಕಿಗಿ ಇರೂದು ಇದೊಂದ ಬಾಯಿ.

ಲಾಡ್ಲೇಸಾಬ ಉಸ್ತಾದನ ಬಲಗೈ
ಮೊಣಕೈಯಿಂದ ಬೆರಳಿನ ತನಕ
ಆರಿದ ಹಾಲಿನ ಕೆನಿ ಹಂಗ, ಸುಕ್ಕು, ಹೊಳಪು.
ಇಂಡಿ ರೋಡಿನ ಒಂದು ಲಾಜಿನಾಗ,
ನಾ ಆಗ ಬರೇ ಪೈಪು ಹೊರೂ ಹುಡುಗ,
ಮಾಲಕನ ಮಾತು ಕೇಳಿ ಯಾರೋ ಆ ಬಾಯಿ ಹೊಲದಿದ್ರು.
ಥರ್ಮೋಸ್ಟಾಟ್ ಸುಟ್ಟು ಅಂಟಿಕೊಂಡಿತ್ತು.
ಉಸ್ತಾದ ನೋಡಾಕ ಹೋದ.
ಟಾಕಿಯ ಮುಚ್ಚಳಾ ಎದುರಿನ ಚಾದಂಗಡಿ ತಗಡಿನ ಮ್ಯಾಲ ಬಿತ್ತು
ಅಂತ ಎಲ್ಲಾರೂ ಹೇಳತಾರ.
ಅಂವ ಹೇಳೂದು ಇಷ್ಟ:
"ಮದಲ ಬಿಡೂ ದಾರಿ ನೋಡು, ಆಮ್ಯಾಲ ಬೆಂಕಿ ನೋಡು."

ಈ ಮಾಳಗಿಯಿಂದ ಒಂದು ಗಂಜ್ ಕಾಣತೈತಿ.
ಚೌಕ ಕಲ್ಲಿನ ಗೋಪುರ, ನೆತ್ತಿ ತೆರದದ್ದು.
ಗುಮ್ಮಟ ನೋಡಾಕ ಬಂದವರು ಇದನ್ನ ನೋಡಂಗಿಲ್ಲ,
ಊರವರು ಇದರ ನೆಳ್ಳಿಗಿ ಗಾಡಿ ನಿಲ್ಲಸತಾರ.
ದೂರದ ಕೆರಿ ನೀರು ನೆಲದಾಗಿನ ಕೊಳವಿಯೊಳಗ ನುಗ್ಗಿ ಬಂದು
ಇಲ್ಲಿ ಏರಿ, ಒಂದು ಉಸಿರು ಬಿಟ್ಟು,
ರಾಡಿ ತಳಕ್ಕ ಇಳಿಸಿ, ಸಮಾಧಾನಾಗಿ ಮುಂದ ಹೋಗತಿತ್ತಂತ.
ಬಾದಶಹನ ಹೆಸರು ಕಲ್ಲಿನ ಮ್ಯಾಲ ಐತಿ,
ಅವನ ಫಿಟ್ಟರನ ಹೆಸರು ಎಲ್ಲೂ ಇಲ್ಲ.
ಅಂವಗೂ ಯಾವನರ ಖಜಾಂಚಿ ಕೇಳಿರಬೇಕು,
"ಬರೇ ಗಾಳಿ ಬಿಡಾಕ ಇಷ್ಟು ಕಲ್ಲು ಯಾಕಪಾ?"

ಮಲ್ಲಣ್ಣಗ ಇದೇನೂ ಹೇಳಲಿಲ್ಲ.
"ಡಮ್ಮಿ ಹಾಕಂಗಿಲ್ರಿ" ಅಂದೆ.
ಆ ಮೂಗಿಗಿ ಒಂದು ತಾಮ್ರದ ಪೈಪು ಕೂಡಿಸಿ
ಗೋಡಿ ಗುಂಟ ಇಳಿಸಿ ಮೋರಿ ತನಕ ಬಿಟ್ಟೆ,
ನಡುವ ಎಲ್ಲೂ ವಾಲ್ವ್ ಇಡಲಿಲ್ಲ.
ಅರ್ಥಿಂಗ್ ಗುಂಡಿಗಿ ನಾಕು ಕೊಡ ನೀರು ಹಾಕಿದೆ.
ಎರಿ ಮಣ್ಣು ಬ್ಯಾಸಗ್ಯಾಗ ಬಿರಿತೈತಿ,
ಬಿರುಕಿನ್ಯಾಗ ನಿಂತ ತಂತಿ ನೆಲಾ ಮುಟ್ಟೇನಿ ಅಂತ ಸುಳ್ಳ ಹೇಳತೈತಿ.

ಕೆಳಗ ಬಚ್ಚಲದಾಗ ಎಸ್ತೇರ ಸಿಸ್ಟರ್
ನನ್ನ ಮೀಟರ್ ನಂಬಲಿಲ್ಲ, ಮೊಣಕೈ ಅದ್ದಿ ನೋಡಿದಳು.
ಟಾಕಿಯೊಳಗ ಅರವತ್ತು ಡಿಗ್ರಿ ಇರಬೇಕು,
ಇಲ್ಲಂದ್ರ ಕಣ್ಣಿಗಿ ಕಾಣದ ಹುಳ ಬೆಳೀತಾವ.
ನಳದಾಗ ನಲವತ್ತರ ಆಚೆ ಬರಬಾರದು,
ಬಂದ್ರ ಹಸಿ ಬಾಣಂತಿ ಮೈ, ಕೂಸಿನ ತೊಗಲು.
ನಡುವಿನ ಇಪ್ಪತ್ತು ಡಿಗ್ರಿ ಐತೆಲ್ಲ,
ಅದ ನಾ ತಿನ್ನೂ ರೊಟ್ಟಿ.
"ಹೂಂ, ಸರಿ ಐತಿ" ಅಂದಳು. ಸಹಿ ಮಾಡೂ ಡಾಕ್ಟರಕಿಂತ
ಆ ಮೊಣಕೈ ನಂಗ ದೊಡ್ಡದು.

ಮತ್ತ ಹತ್ತಿ ಹೋಗಿ ಟಾಕಿ ಮ್ಯಾಲ ಮಾರ್ಕರಿನಿಂದ ಬರದೆ:
ಈ ಬಾಯಿ ಮುಚ್ಚಬ್ಯಾಡ್ರಿ. ಆರು ತಿಂಗಳಿಗೊಮ್ಮಿ ಬಿಚ್ಚಿ ಸುಣ್ಣ ತಗಸ್ರಿ.
ಹೆಸರು ಬರೀಲಿಲ್ಲ, ಫೋನ್ ನಂಬರ್ ಬರದೆ.
ನಮ್ಮೂರ ಬೋರಿನ ನೀರಿಗಿ ಮರವು ಇಲ್ಲ,
ಕಾಯಿಲಿಗಿ ಬಿಳಿ ಅಂಗಿ ಹೊಲದ ಹೊಲೀತೈತಿ.

ರೊಕ್ಕಾ ಇಸಗೊಳ್ಳಾಕ ಇಳಿದಾಗ
ಮದಲನೇ ಕೂಸಿಗಿ ನೀರ ಹಾಕಾಕತ್ತಿದ್ರು.
ಗೋಡಿ ಬಿರಿಯೂ ಹಂಗ ಒದರಾಕತ್ತಿತ್ತು.
ಯಾರೋ ಹೊಸಾ ತಂದಿ ಗಾಬರ್ಯಾಗಿ ಬಾಗಲಾ ಬಡದ.
ಮಲ್ಲಣ್ಣ ನೋಟು ಎಣಸೂದು ಬಿಟ್ಟು, ಅವನ ಹೆಗಲ ಮ್ಯಾಲ ಕೈ ಇಟ್ಟು,
ಮೆಲ್ಲಕ ಅಂದ:
"ಅಳ್ಳಿ ಬಿಡಪಾ. ಬಾಯಿ ಮುಚ್ಚಸಬಾರದು.
ಅತ್ತರ ಎದಿ ಹಗುರ ಆಗತೈತಿ."