ಐದನೆಯ ಗೇಟು

ದಾವಣಗೆರೆಯ ಹಳೇ ಹತ್ತಿಮಿಲ್ಲಿನ ಕಾಂಪೌಂಡು
ಎಂಟು ಸಾವಿರ ಕುರ್ಚಿ ಹಿಡಿಯುತ್ತದೆ ಅಂದ ಶಾಮಿಯಾನದ ಕೊಟ್ರೇಶಿ.
ಕುರ್ಚಿ ಹಿಡಿಯುವುದು ಬೇರೆ, ಅಂದೆ,
ಕುರ್ಚಿಯಿಂದ ಎದ್ದವರು ಹಿಡಿಯುವುದು ಬೇರೆ.
ಕೂತವನಿಗೆ ಎರಡು ಅಡಿ ಸಾಕು,
ಹೆದರಿದವನಿಗೆ ಊರೇ ಸಾಲದು.

ಮೂವತ್ತೊಂದು ವರ್ಷ ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ನಿಂತವಳೆಂದು
ಸಭೆಯವರು ಒಪ್ಪಿಸಿದ್ದಾರೆ: ಸುಗುಣಕ್ಕ, ಬಂದೋಬಸ್ತು ನಿಮ್ಮದು.
ಒಂದು ಸೀಟಿ, ಒಂದು ಟಾರ್ಚು, ಅಳತೆಯ ಟೇಪು.
ಪ್ರಾರ್ಥನೆ ಅಯ್ಯನವರದು.

ಇಕ್ಕಟ್ಟಿನ ಬಾಗಿಲ ಮೇಲೆ ಎಷ್ಟಾದರೂ ಬೋಧಿಸಿ, ಅಯ್ಯನವರೇ,
ನನಗೆ ಮಾತ್ರ ಹನ್ನೆರಡು ಅಡಿ ಬೇಕು,
ಹೊರಕ್ಕೆ ತೆರೆಯುವ ಕದ ಬೇಕು,
ಹೊಸ್ತಿಲು ಬೇಡ.
ಅವರು ನಕ್ಕರು. ನಾನು ನಗಲಿಲ್ಲ.

ಆಗ ನನಗೆ ಒಂಬತ್ತು, ತಂಗಿ ಕರುಣೆಗೆ ಆರು.
ಹೊಳೆದಂಡೆಯಲ್ಲೊಂದು ಕೂಟ.
ಜನರೇಟರು ಕೆಮ್ಮಿ ಲೈಟು ಹೋಯಿತು.
ಯಾರೋ ಬೆಂಕಿ ಅಂದರು. ಬೆಂಕಿ ಇರಲಿಲ್ಲ,
ಬೆಂಕಿ ಎಂಬ ಎರಡಕ್ಷರ ಇತ್ತು,
ಒಂದೇ ಗೇಟಿತ್ತು.
ಬೆಳಗಾದ ಮೇಲೆ ಅಪ್ಪ, ಚಪ್ಪಲಿಗಳ ಗುಡ್ಡೆಯ ಮುಂದೆ ಕುಕ್ಕರುಗಾಲಲ್ಲಿ ಕೂತು
ನೀಲಿ ಪಟ್ಟಿಯದೊಂದನ್ನು ಆರಿಸಿಕೊಂಡ.
ಇನ್ನೊಂದನ್ನು ಹುಡುಕಲಿಲ್ಲ.
ಅದು ಅವಳ ಕಾಲಲ್ಲೇ ಇತ್ತು.

ಅದಕ್ಕೇ ಅಳೆಯುತ್ತೇನೆ.
ನಾಲ್ಕು ಗೇಟು. ಒಂದರ ಎದುರಿಗೇ ಪಿ.ಬಿ. ರೋಡು, ಲಾರಿಗಳು.
ಇನ್ನೊಂದರ ಬಾಯಲ್ಲಿ ಬೆಣ್ಣೆದೋಸೆಯ ಗಾಡಿ;
ಮೂರು ದಿನ ಸರಿದು ನಿಲ್ಲಪ್ಪಾ ಅಂದರೆ
ಸರಿದ, ನಾಲ್ಕೇ ಅಡಿ.
ಅಡುಗೆಯ ಸಿಲಿಂಡರು ತಗಡಿನಾಚೆ.
ಅಂಧಶಾಲೆಯ ಮಕ್ಕಳು ಮುಂದಿನ ಸಾಲಲ್ಲಲ್ಲ, ಗೇಟಿನ ಪಕ್ಕ.

ಠಾಣೆಯಲ್ಲಿ ಸಾಹೇಬರು ಅರ್ಜಿಯನ್ನು ಎರಡು ಸಲ ಓದಿದರು.
ಎಷ್ಟು ಜನ ಅಂದರು, ಯಾವ್ಯಾವ ಊರು ಅಂದರು,
ಬರೋರೆಲ್ಲ ಮೊದಲಿಂದ ನಿಮ್ಮೋರೇನಾ ಅಂದರು.
ಹಸಿದೋರೂ ಬರ್ತಾರೆ ಸಾರ್, ಊಟ ಇರುತ್ತಲ್ಲ.
ಸ್ವಲ್ಪ ಹೊತ್ತು ಬಿಟ್ಟು ಸೀಲು ಬಿತ್ತು.

ಕಮಿಟಿಯ ದೇವಮಿತ್ರಪ್ಪನ ಸಲಹೆ:
ಹಿಂದಿನ ಗೋಡೆಗೆ ಮುಳ್ಳುತಂತಿ ಬಿಗಿಸೋಣ,
ಆ ಕಡೆ ಭಟ್ಟಿಯವರು, ಯಾರು ಹೇಗೋ.
ಯಾರು ಹೇಗೋ.
ನಮ್ಮ ಬಗ್ಗೆಯೂ ಈ ಮಾತನ್ನು
ಬಾಡಿಗೆ ಮನೆ ಕೇಳಹೋದ ಜಗಲಿಗಳಲ್ಲಿ ಕೇಳಿದ್ದೇನೆ.

ನನ್ನ ಹೆದರಿಕೆ ಹೊಗೆಯದು.
ಮಂಡಕ್ಕಿ ಭಟ್ಟಿಯ ಹೊಗೆ ನಾಲ್ಕೂವರೆಗೆ ಏಳುತ್ತದೆ,
ಸರಿಯಾಗಿ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ.
ಪರವೂರಿನವರ ಮೂಗಿಗೇನು ಗೊತ್ತು?

ಹೋದೆ. ದಸ್ತಗೀರ್ ಸಾಬರ ಹುಬ್ಬಿನ ಮೇಲೂ ಬೂದಿ.
ಮೂರು ದಿನ ಒಲೆ ನಿಲ್ಲಿಸ್ತೀರಾ?
ಒಲೆ ನಿಂತ್ರೆ ಹನ್ನೊಂದು ಮನೆ ನಿಲ್ತಾವಮ್ಮ.
ಸುಮ್ಮನಾದೆ. ಕಾದ ಮರಳಲ್ಲಿ ಅಕ್ಕಿ
ಪಟಪಟ ಎದ್ದು ಬೆಳ್ಳಗಾಗುತ್ತಿತ್ತು.
ಅವರೇ ಅಂದರು:
ಗೋಡೇಲಿ ಒಂದು ಹಳೇ ಬಾಗಿಲೈತೆ, ಹತ್ತಿಗಾಡಿ ಹೋಗ್ತಿದ್ದದ್ದು.
ಈ ಕಡೆ ನಾವೇ ಭತ್ತದ ಚೀಲ ಒಟ್ಟೀವಿ.
ತೆಗೆಸ್ತೀನಿ ಬಿಡ್ರಿ.

ಟೇಪಿನ ಆ ತುದಿಯನ್ನು ಅವರು ಹಿಡಿದರು.
ಹದಿನಾಲ್ಕು ಅಡಿ, ಮೂರಂಗುಲ.

ಎರಡನೆಯ ಬೆಳಗು, ಮಂಜಿನ ಜೊತೆ ಹೊಗೆ ಇಳಿಯಿತು.
ಹನ್ನೆರಡನೆಯ ಸಾಲಲ್ಲಿ ಒಬ್ಬರು ಎದ್ದರು, ಮೂಗರಳಿಸಿದರು,
ಪಕ್ಕದವರೂ ಎದ್ದರು.
ಅಯ್ಯನವರ ಕೈಯಿಂದ ಮೈಕು ಕಿತ್ತುಕೊಂಡೆ:
ಕೂತ್ಕೊಳ್ಳಿ. ಇದು ನಿಮ್ಮ ನಾಷ್ಟಾದ ಮಂಡಕ್ಕಿ.
ನಗು ಸಾಲಿನಿಂದ ಸಾಲಿಗೆ ಹೋಗಿ
ಎಲ್ಲರನ್ನೂ ಕೂರಿಸಿತು.
ನನ್ನ ಮೊಣಕಾಲು ಮಾತ್ರ ಸಂಜೆವರೆಗೂ ನಡುಗುತ್ತಿದ್ದವು.

ಐದನೆಯ ಗೇಟಿನಿಂದ ಯಾರೂ ಹೊರಗೆ ಓಡಲಿಲ್ಲ.
ಕೊನೆಯ ದಿನ ಭಟ್ಟಿಯ ಮಕ್ಕಳು ಒಳಗೆ ಬಂದು
ಖಾಲಿ ಕುರ್ಚಿಗಳನ್ನು ರೈಲು ಮಾಡಿದರು.

ರಾತ್ರಿ ಟಾರ್ಚಿನ ಬೆಳಕಲ್ಲಿ ರಿಜಿಸ್ಟರು ತುಂಬಿಸಿದೆ:
ತಲೆಸುತ್ತು ಒಂಬತ್ತು. ತರಚು ಗಾಯ ಒಂದು.
ಮರೆತುಹೋದ ಚಪ್ಪಲಿ ಎರಡು.
ಬಗ್ಗಿ ನೋಡಿದೆ.
ಎರಡೂ ಒಂದೇ ಜೊತೆಯವು.