ಅರ್ಧ ಸೆಕೆಂಡು

ಚಳ್ಳಕೆರೆಯಲ್ಲಿ, ಪಾವಗಡ ರಸ್ತೆಗೆ ಹಿಂಡಿಯ ವಾಸನೆ
ಹತ್ತಿಕೊಳ್ಳುವ ಕಡೆ, ಅನಂತಯ್ಯ ಶೆಟ್ಟರ ಎಣ್ಣೆ ಗಿರಣಿ.
ಫೋನು ಬದಲಿಸಲು ಬಂದದ್ದು ಇದು ನಾಲ್ಕನೇ ಸಲ.
ಪ್ರತಿ ಸಲವೂ ಶೆಟ್ಟರದು ಒಂದೇ ಮಾತು:
"ಇದಾದ್ರೂ ಎಷ್ಟು ದಿನ ಬರುತ್ತೋ, ಓಬಳೇಶ?"

ಮೊದಲ ಸಲ ನಾನು ಬೋಸಯ್ಯನ ಹಿಂದೆ ಏಣಿ ಹೊರುವ ಹುಡುಗ.
ಕಪ್ಪು ಫೋನು, ಅದಕ್ಕೊಂದು ಬೀಗ,
ಕೀಲಿ ಶೆಟ್ಟರ ಉಡಿದಾರದಲ್ಲಿ.
ರಾಜಕೋಟಕ್ಕೆ ಟ್ರಂಕ್ ಕಾಲ್ ಬುಕ್ ಮಾಡಿ
ಉಂಡು, ಒಂದು ನಿದ್ದೆ ತೆಗೆದು,
ಮುಖಕ್ಕೆ ಸೋಪು ಹಚ್ಚಿದಾಗ ಸರಿಯಾಗಿ ಗಂಟೆ.
ಶೆಟ್ಟರು ರೇಟು ಕೂಗಿದರೆ
ಎದುರು ಗಿರಣಿಯವರೂ ಬರೆದುಕೊಳ್ಳುತ್ತಿದ್ದರು.

ಎರಡನೇ ಸಲ ತಂದದ್ದು ಬಿಸ್ಕತ್ತು ಬಣ್ಣದ ಪೆಟ್ಟಿಗೆ,
ನಾಲ್ಕು ಲೈನು, ಹದಿನಾರು ಎಕ್ಸ್‌ಟೆನ್ಷನ್ನು,
ಮುಂದೆ ಮೆಹಮೂದಾ ಅಕ್ಕ.
ಹಿಂದೂಪುರಕ್ಕೆ ತೆಲುಗು, ರಾಜಕೋಟಕ್ಕೆ ಹಿಂದಿ,
ಹಿರಿಯೂರಿನವರಿಗೆ ಕನ್ನಡ,
ಬಾಕಿ ಉಳಿಸಿಕೊಂಡವರಿಗೆ ಯಾವ ಭಾಷೆಯೂ ಇಲ್ಲ.
ಗಿರಣಿಯಲ್ಲಿ ಹೆಸರು ಸವೆದು ನಂಬರು ಉಳಿಯಿತು.
ವೇಬ್ರಿಡ್ಜಿನ ಪಾಲಯ್ಯ ಇಪ್ಪತ್ತೆರಡು,
ಬಾಯ್ಲರಿನ ಕಾಟಯ್ಯ ಮೂವತ್ತೊಂದು.
ಇಪ್ಪತ್ತೆರಡರ ಮಗಳ ಮದುವೆಗೆ
ಮೂವತ್ತೊಂದು ಮುಯ್ಯಿ ಬರೆಸಿದ್ದು ನಾನೇ ಕಂಡಿದ್ದೇನೆ.

ಆ ಲೈನಿನಲ್ಲಿ ಯಾವಾಗಲೂ ಒಂದು ಗುಂಯ್.
ಶೆಟ್ಟರು ರೇಟು ಹೇಳಿ ಸುಮ್ಮನಾಗುವರು.
ಅತ್ತಣವನು ತಟ್ಟನೆ "ಇಲ್ಲ" ಎಂದರೆ ಅವನಿಗೆ ಮಾಲು ಬೇಕು.
ಒಂದುಸಿರು ತಡೆದರೆ ಇನ್ನೆಲ್ಲೋ ಮಾತಾಗಿದೆ.
ಎರಡುಸಿರು,
ದುಡ್ಡಿಲ್ಲ.
ಆ ಗುಂಯ್ ಎಂಬ ಜರಡಿಯಲ್ಲಿ
ಕಲ್ಲು ಬೇರೆ ಕಾಳು ಬೇರೆ ಮಾಡಿ
ಮನೆ ಕಟ್ಟಿಸಿದರು, ಮೂರು ಮಕ್ಕಳನ್ನು ದಡ ಸೇರಿಸಿದರು.

ಮೂರನೇ ಸಲ ಸಿಡಿಲಿಗೆ ಕಾರ್ಡು ಸುಟ್ಟಿತ್ತು. ಹಾಕಿಕೊಟ್ಟೆ.
ಎಲ್ಲರ ಜೇಬಿನಲ್ಲೂ ಆಗಲೇ ಮೊಬೈಲು.
ಅಕ್ಕ ಮಜ್ಜಿಗೆ ಕೊಟ್ಟು, "ಇದೇ ಕೊನೆ ಅನ್ಸುತ್ತೆ," ಎಂದರು.
ಮಜ್ಜಿಗೆಯೋ, ಪೆಟ್ಟಿಗೆಯೋ, ಕೇಳಲಿಲ್ಲ.

ಈಗ ಪೆಟ್ಟಿಗೆಯೇ ಇಲ್ಲ. ಒಂದು ನೀಲಿ ತಂತಿ,
ಕಣ್ಣು ಮಿಟುಕಿಸುವ ಹಸಿರು ದೀಪ.
ಅಕ್ಕನ ಕುರ್ಚಿ ಮೇಲೆ ಪ್ರಿಂಟರು.
"ಲೈನು ಎಲ್ಲಿರುತ್ತೆ?"
ಮೋಡದಲ್ಲಿ, ಎಂದೆ, ಕಂಪನಿಯವರು ಕಲಿಸಿದಂತೆ.
ಶೆಟ್ಟರು ಕಿಟಕಿಯಾಚೆ ಬೋಳು ಆಕಾಶ ನೋಡಿದರು.
ಚಳ್ಳಕೆರೆಯಲ್ಲಿ ಮೋಡವನ್ನು ನಂಬಿ
ಯಾರೂ ಏನನ್ನೂ ಇಟ್ಟವರಲ್ಲ.

ಮೊದಲ ಕರೆ ಹಿಂದೂಪುರಕ್ಕೆ.
ರೇಟು ಹೇಳಿದರು. ಸುಮ್ಮನಾದರು.
ಅತ್ತ ಗುಂಯ್ ಇಲ್ಲ, ಉಸಿರಿಲ್ಲ,
ತೊಳೆದು ಬೋರಲು ಹಾಕಿದ ಪಾತ್ರೆಯಂಥ ಮೌನ.
ಶೆಟ್ಟರ ಹುಬ್ಬು ಕೂಡಿತು.
"ಆಯ್ತು, ಕೇಜಿಗೆ ಎರಡು ಬಿಟ್ಟೆ" ಎನ್ನುವುದಕ್ಕೂ
"ಸರೇ, ಪಂಪಿಂಚಂಡಿ" ಬಂದು ತಲುಪುವುದಕ್ಕೂ ಸರಿಹೋಯಿತು.
ಹತ್ತು ಟನ್ನಿನ ಟ್ಯಾಂಕರು. ಇಪ್ಪತ್ತು ಸಾವಿರ.

ಶೆಟ್ರೇ, ತಡೆದದ್ದು ಅವರಲ್ಲ, ನೆಟ್ಟು, ಎಂದೆ.
ಲ್ಯಾಪ್‌ಟಾಪು ಬಿಚ್ಚಿ ತಡ ಇಳಿಸಿದೆ, ಮಾತು ನುಚ್ಚಾಯಿತು.
ಏರಿಸಿದೆ, ಮತ್ತೆ ಅದೇ ಮೌನ.
ಬಾಗಿಲಲ್ಲಿ ಚೀಟಿ ಹಿಡಿದು ನಿಂತಿದ್ದ ಇಪ್ಪತ್ತೆರಡು ಕೆಮ್ಮಿದ:
"ಖಾಲಿ ಲಾರಿ ತೂಕ ಕಳೆಯಲ್ವಾ ಸ್ವಾಮಿ? ಅಂಗೇ ಇದನ್ನೂ ಕಳೀರಿ."

ಶೆಟ್ಟರು ಮೆಹಮೂದಾ ಅಕ್ಕನ ಮನೆಗೆ ಹಚ್ಚಿದರು.
"ಏನೂ ಮಾತಾಡಬೇಡಮ್ಮ. ಸುಮ್ನೆ ಹಿಡ್ಕೊಂಡಿರು."
ಅಕ್ಕ ಯಾಕೆ ಎಂದು ಕೇಳಲಿಲ್ಲ.
ಗಿರಣಿ ಹಿಂದಿನ ಓಣಿಯಲ್ಲಿ ಅವರು,
ಇಲ್ಲಿ ನಾವು ಮೂವರು, ಯಾರೂ ಮಾತಾಡದೆ.
ಒಂದು ಗಂಟೆಯ ಸೈರನ್ನು ಹೊಡೆಯಿತು,
ಮೊದಲು ನಮ್ಮ ತಲೆಯ ಮೇಲೆ,
ಆಮೇಲೆ, ಅಕ್ಕನ ಅಡುಗೆಮನೆ ಹೊಕ್ಕು,
ಯಾವುದೋ ಮೋಡ ಸುತ್ತಿ, ರಿಸೀವರಿನೊಳಗೆ,
ಸಣ್ಣಗೆ, ನಮ್ಮದೇ.

ಶೆಟ್ಟರು ಎರಡು ಬೆರಳೆತ್ತಿ
ನಡುವಿನ ಸಂದು ತೋರಿಸಿದರು:
"ಇಷ್ಟು. ಬರ್ಕೊಳ್ಳೋ ಪಾಲಯ್ಯ."