ನೂರಾ ಹದಿನೆಂಟನೆಯ ಬೀಗದಕೈ

ಮೂವತ್ತನಾಲ್ಕು ವರ್ಷ ಗಿಜೆಲ್ಲಾ
ಈ ಊರಿನಲ್ಲಿ ನೋಡಿದ್ದು ಬೆನ್ನುಗಳನ್ನು.
ಬಿಳಿ ಬೆನ್ನು, ಬೆಂದ ಬೆನ್ನು, ಆಪರೇಷನ್ನಿನ ಗೀಟಿನ ಬೆನ್ನು,
ಹಚ್ಚೆಯ ಹದ್ದು ಮುಪ್ಪಾಗಿ ಜೋತುಬಿದ್ದ ಬೆನ್ನು.
ಬುಡಾ ಗುಡ್ಡದ ಬುಡದಲ್ಲಿ ಬಿಸಿನೀರಿನ ಮನೆ,
ತುರ್ಕರ ಕಾಲದ ಗುಮ್ಮಟ, ಗಂಧಕದ ನಾತ,
ಕೌಂಟರಿನ ಹಿಂದೆ ಇವಳು:
ಒಂದು ಟವೆಲು, ಒಂದು ಬೀಗದಕೈ,
ಹದಿಮೂರು ಭಾಷೆಯಲ್ಲಿ ಕಲಿತ ಒಂದೇ ಮಾತು,
ಜೋಡು ಇಲ್ಲೇ ಬಿಡಿ.

ಮೊಹಾಚಿನಿಂದ ಅತ್ತಿಗೆ ಬಂದಿಳಿದಳು, ಎತೆಲ್ಕಾ,
ಅಣ್ಣ ವಿದೋರ್ ಹೋಗಿ ಹದಿನೇಳು ತಿಂಗಳಿಗೆ,
ಏಪ್ರಿಕಾಟಿನ ಜಾಮು, ಕೆಂಪು ಮೆಣಸಿನ ಪುಡಿಯ ಪೊಟ್ಟಣ ಹಿಡಿದು.
"ನದಿ ಒಂದೇ, ಆದರೆ ನೀವು ಮೇಲೆ.
ನೀವು ತೊಳೆದ ನೀರೇ ನಮಗೆ" ಎಂದು ನಕ್ಕಳು.
ಅತ್ತಿಗೆ ನಾದಿನಿಯರ ನಗುವಿನಲ್ಲಿ
ಅಕ್ಕಿಯೊಳಗಿನ ಹಾಗೆ ಒಂದು ಕಲ್ಲಿರುತ್ತದೆ.
ಸಿಕ್ಕಿತು. ಗಿಜೆಲ್ಲಾ ನುಂಗಿಕೊಂಡಳು.

ಊರು ತೋರಿಸು, ಅಂದಳು. ತೋರಿಸುವುದೇನು?
ಇವಳಿಗೆ ಗೊತ್ತಿದ್ದದ್ದು ಹತ್ತೊಂಬತ್ತನೆ ನಂಬರಿನ ಟ್ರಾಮು,
ಬೆಳಗಿನ ಐದೂವರೆಯದು, ರಾತ್ರಿ ಒಂಬತ್ತರದು.
ರಜೆ ಹಾಕಿ, ಮದುವೆಗೆಂದು ಹೊಲಿಸಿದ ಕೋಟು ಹಾಕಿ
ತನ್ನೂರಿಗೇ ಪ್ರವಾಸ ಹೊರಟಳು.

ಸೇತುವೆಯ ಸಿಂಹಗಳ ಮುಂದೆ ನಿಂತರು.
ಕೆತ್ತಿದವನು ನಾಲಿಗೆ ಮರೆತನಂತೆ, ಜನ ಹೇಳುತ್ತಾರೆ.
ಎತೆಲ್ಕಾ ಹಲ್ಲಿನ ಡಾಕ್ಟರಂತೆ ಇಣುಕಿದಳು.
"ನಿಮ್ಮಣ್ಣನೂ ಹೀಗೇ," ಅಂದಳು. "ಬಾಯಿತ್ತು."

ಕೋಟೆಯ ಮೇಲೆ ಯಾರದೋ ಗೈಡು, ನೀಲಿ ಕೊಡೆ,
ಇಟಾಲಿಯನ್ನಿನಲ್ಲಿ ಇಲ್ಲಿನ ರಾಜರನ್ನು ಒಬ್ಬೊಬ್ಬರಾಗಿ ಕೊಲ್ಲುತ್ತಿದ್ದ.
ಗುಂಪಿನಂಚಿಗೆ ನಿಂತು ಇಬ್ಬರೂ ತಲೆದೂಗಿದರು.
ಎರಡು ಕಾಫಿಗೆ ಎಷ್ಟೆಂದು ಕೇಳಿ
ಕುಡಿಯದೆಯೇ ನಿದ್ದೆ ಬಿಟ್ಟರು.

ಆಮೇಲೆ ಪೆಸ್ಟ್ ಕಡೆಯ ದಂಡೆ.
ಕಬ್ಬಿಣದ ಜೋಡುಗಳು, ಸಾಲಾಗಿ, ನೀರಿನಂಚಿಗೆ.
ನಲವತ್ತನಾಲ್ಕರ ಚಳಿಗಾಲ, ಯಹೂದಿಗಳನ್ನು ಇಲ್ಲಿ ನಿಲ್ಲಿಸಿ
ಮೊದಲು ಜೋಡು ಬಿಚ್ಚಿಸಿದರು. ಜೋಡಿಗೆ ಬೆಲೆಯಿತ್ತು.
ಆಮೇಲೆ ಗುಂಡು.
ಒಂದು ಹೆಂಗಸಿನದು, ಹಿಮ್ಮಡ ಒಂದೇ ಕಡೆ ಸವೆದದ್ದು.
ಒಂದು ಅಂಗೈಯಷ್ಟು ಅಗಲದ್ದು,
ಅದರೊಳಗೆ ಯಾರೋ ಇಟ್ಟ ಪೆಪ್ಪರಮಿಂಟು
ಮಳೆಗೆ ಕರಗಿ ಕಾಗದಕ್ಕೆ ಅಂಟಿತ್ತು.
ಎತೆಲ್ಕಾ ಕೂತಳು. ಎದ್ದಳು. ಬೇರೇನೂ ಮಾಡಲಿಲ್ಲ.
ಪ್ರವಾಸಿಗಳ ದೋಣಿಯೊಂದು ಸಂಗೀತ ತಗ್ಗಿಸಿ ದಾಟಿತು,
ಅಥವಾ ಗಾಳಿ ಆ ಕಡೆಗಿತ್ತು.
ಬಹಳ ಹೊತ್ತಾದ ಮೇಲೆ, ಕೆಳಗೆ ನೋಡುತ್ತಲೇ:
"ಇವರೂ ನಮ್ಮೂರನ್ನು ದಾಟಿಯೇ ಹೋಗಿರಬೇಕು."

ಚಳಿ ಮೂಳೆಗಿಳಿದಿತ್ತು. ಮಂಗಳವಾರ, ಹೆಂಗಸರ ಸರದಿ.
ನಿನ್ನ ಬಿಸಿನೀರನ್ನಾದರೂ ತೋರಿಸು, ಅಂದಳು.
ಕೌಂಟರಿನಲ್ಲಿ ಹೊಸ ಹುಡುಗಿ, ಬೊಗ್ಲಾರ್ಕಾ,
ಕೋಟು ಹಾಕಿದ ಗಿಜೆಲ್ಲಾಳ ಗುರುತು ಹತ್ತದೆ
ಟವೆಲು ಕೊಟ್ಟಳು, ನೂರಾ ಹದಿನೆಂಟು ಕೊಟ್ಟಳು,
ತಲೆಯೆತ್ತದೆ ಹೇಳಿದಳು,
ಜೋಡು ಇಲ್ಲೇ ಬಿಡಿ.
ಇವಳೇ ಕಲಿಸಿದ ಮಾತು. ಇವಳದೇ ರಾಗ.

ಗಿಜೆಲ್ಲಾ ನಿಂತಲ್ಲೇ ನಿಂತಳು.
ಹಿಂದೆ ಸಾಲು ಬೆಳೆಯಿತು, ಯಾರೋ ಕೆಮ್ಮಿದರು.
ಎತೆಲ್ಕಾ ಮಂಡಿ ಹಿಡಿದುಕೊಂಡು ಬಗ್ಗಿ
ತನ್ನ ಲೇಸು ಬಿಚ್ಚಿದಳು, ನಾದಿನಿಯದನ್ನೂ ಬಿಚ್ಚಿದಳು.
ನಾಲ್ಕನ್ನೂ ಎತ್ತಿ ತಿರುಗಿಸಿಟ್ಟಳು
ಮುಖ ಬಾಗಿಲ ಕಡೆಗೆ,
ಬಂದು ಮೆಟ್ಟಿಕೊಳ್ಳಲು ಸುಲಭವಾಗುವಂತೆ.

ಬೀಗದಕೈಯ ದಾರ ಎಷ್ಟು ಮಣಿಕಟ್ಟಿಗೆ ಕಟ್ಟಿಲ್ಲ ಇವಳು!
ತನ್ನದಕ್ಕೆ ಒಂಟಿ ಕೈಯಲ್ಲಿ ಆಗಲಿಲ್ಲ. ಅತ್ತಿಗೆ ಕಟ್ಟಿದಳು.
ಮೂವತ್ತಾರು ಡಿಗ್ರಿ. ಗುಮ್ಮಟದ ತೂತುಗಳಿಂದ
ಬೆಳಕು ಬಣ್ಣಬಣ್ಣದ ನಾಣ್ಯವಾಗಿ ನೀರಿಗೆ ಬೀಳುತ್ತಿತ್ತು.
ಇಷ್ಟು ವರ್ಷ ಇದನ್ನು ಒರೆಸಿದ್ದೇ ಬಂತು, ಅಂದುಕೊಂಡಳು.

ಹಿಂದಿನಿಂದ ದನಿ:
"ನಿನ್ನ ಎಡಹೆಗಲ ಕೆಳಗೊಂದು ಮಚ್ಚೆಯಿದೆ, ಗೊತ್ತಾ?"
"ಇಲ್ಲ. ಎಷ್ಟು ದೊಡ್ಡದು?"
"ಸೇಬಿನ ಬೀಜದಷ್ಟು.
ಅವನಿಗೂ ಅಲ್ಲೇ ಇತ್ತು."